ದಿನಾ ಬರುತ್ತಿದ್ದ ಒಂದೇ ಹೆಸರು

ಸೋಮವಾರವೂ ಹುಲಿಗೆಮ್ಮ. ಮಂಗಳವಾರವೂ ಹುಲಿಗೆಮ್ಮ. ಬುಧವಾರ ಪರದೆಯ ಮೇಲೆ ಮತ್ತೆ ಅದೇ ಹೆಸರು ಮೂಡಿದಾಗ ಕ್ಲಾಸಿಗೆ ಕ್ಲಾಸೇ ಗೊಳ್ಳೆಂದಿತು. ಅವಳು ಕಾಲೇಜಿಗೆ ಬರುವುದನ್ನು ಬಿಟ್ಟು ಎರಡು ತಿಂಗಳಾಗಿತ್ತು.

ನಾನು ಹೊಸಪೇಟೆಯಲ್ಲಿ ಕಂಪ್ಯೂಟರ್ ಮೇಷ್ಟ್ರು ಎಂಬುದು ನಿಮಗೆ ಗೊತ್ತೇ ಇದೆ. (ಈ ಅಂಕಣದಲ್ಲಿ ಅದನ್ನು ಸಾಕಷ್ಟು ಕೊಚ್ಚಿಕೊಂಡಿದ್ದೇನೆ.) ಕ್ಲಾಸಿನಲ್ಲಿ ಯಾರನ್ನು ಪ್ರಶ್ನೆ ಕೇಳಬೇಕೆಂದು ಆರಿಸಲು ಒಂದು ಪ್ರೋಗ್ರಾಂ ಬರೆದಿದ್ದೆ. ಗಡಿಗೆಯಲ್ಲಿ ಚೀಟಿ ಹಾಕಿ ಎತ್ತಿದ ಹಾಗೆ. ಆದರೆ ಎಲ್ಲರಿಗೂ ಒಂದೊಂದೇ ಚೀಟಿ ಅಲ್ಲ. ಉತ್ತರ ಹೇಳಿದವರದು ಒಂದೇ ಚೀಟಿಗೆ ಇಳಿಯುತ್ತದೆ. ಹೇಳದವರಿಗೆ, ಕ್ಲಾಸಿಗೇ ಬಾರದವರಿಗೆ ದಿನಕ್ಕೊಂದು ಚೀಟಿ ಹೆಚ್ಚು. ಮೈಗಳ್ಳರು ತಪ್ಪಿಸಿಕೊಳ್ಳಬಾರದಲ್ಲ? ಸಹೋದ್ಯೋಗಿಗಳು ಬೆನ್ನು ತಟ್ಟಿದರು. ನಾನೂ ಉಬ್ಬಿದೆ.

ಹುಲಿಗೆಮ್ಮ ಗಾದಿಗನೂರಿನವಳು. ವಾರ ಬಿಟ್ಟು ವಾರ ನನ್ನ ಮೊದಲ ಪೀರಿಯಡ್ಡಿಗೆ ಬರುತ್ತಿರಲಿಲ್ಲ. ಬಂದ ದಿನ ಅವಳದೇ ಹೆಸರು. ತಪ್ಪಿಹೋದ ಪಾಠದ ಪ್ರಶ್ನೆಗೆ ಪಾಪ, ಏನು ಹೇಳಿಯಾಳು? ಸುಮ್ಮನೆ ನಿಂತರೆ ಇನ್ನೊಂದು ಚೀಟಿ. ಕೊನೆಗೆ ಬರುವುದನ್ನೇ ಬಿಟ್ಟಳು. ಅವಳ ಚೀಟಿಗಳು ಮಾತ್ರ ಬೆಳೆಯುತ್ತಲೇ ಹೋದವು.

ಬುಧವಾರ ಹುಡುಗರು ನಕ್ಕಾಗ ನನಗೆ ಯಾಕೋ ನಗು ಬರಲಿಲ್ಲ. ಸಂಜೆ ಬೈಕ್ ಹತ್ತಿದೆ. ಅದಿರು ಲಾರಿಗಳ ಧೂಳು ಕುಡಿಯುತ್ತ ಗಾದಿಗನೂರು ಸೇರಿದೆ.

ಅವಳ ತಾಯಿ ಚಾಪೆ ಹಾಸಿ ಕೂರಿಸಿದರು. ಚಹಾ ಬಂತು. ಮಾತಿನ ನಡುವೆ ತಿಳಿದದ್ದು ಇಷ್ಟು: ತಾಯಿಗೆ ಫ್ಯಾಕ್ಟರಿ ಕ್ಯಾಂಟೀನಿನಲ್ಲಿ ಕೆಲಸ. ವಾರ ಬಿಟ್ಟು ವಾರ ನೈಟ್ ಶಿಫ್ಟ್. ಮನೆಯಲ್ಲಿ ಲಕ್ವ ಹೊಡೆದು ಮಲಗಿದ ಅಜ್ಜಿ. ಬೆಳಿಗ್ಗೆ ತಾಯಿ ಮನೆ ಸೇರುವ ತನಕ ಹುಡುಗಿ ಅಜ್ಜಿಯನ್ನು ಬಿಟ್ಟು ಕದಲುವಂತಿರಲಿಲ್ಲ. ಅಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ಅಜ್ಜಿ ಹೋದ ತಿಂಗಳು ತೀರಿಕೊಂಡರಂತೆ. ಹಾಗಾದರೆ ನಾಳೆಯಿಂದಲೇ ಬಾ, ಪ್ರಿನ್ಸಿಪಾಲರ ಹತ್ತಿರ ನಾನು ಮಾತಾಡುತ್ತೇನೆ ಎಂದೆ. ಬಾಗಿಲ ಬಳಿ ನಿಂತಿದ್ದ ಹುಲಿಗೆಮ್ಮ ತಲೆ ಎತ್ತಲಿಲ್ಲ.

"ಬ್ಯಾಡ್ರಿ ಸರ್. ಬಂದ್ ದಿನಾ ನನ್ನ ಹೆಸ್ರೇ ಬರ್ತಿತ್ತು. ಬಸ್ ಇಳಿಯೋದ್ರಾಗ ಅಂಜಿಕಿ ಬರ್ತಿತ್ತು. ನಿಮಗ ನನ್ನ ಮ್ಯಾಲ ಭಾಳ ಸಿಟ್ಟೈತಿ ಅಂದ್ಕೊಂಡಿದ್ದೆ."

ಸಿಟ್ಟೇ? ನನಗೆ ಅವಳ ಮುಖವೇ ಸರಿಯಾಗಿ ನೆನಪಿರಲಿಲ್ಲ. ಕರೆದದ್ದು ನಾನಲ್ಲಮ್ಮಾ, ಕಂಪ್ಯೂಟರ್ ಎನ್ನಲೇ? ಅದಕ್ಕೆ ಹಾಗೆ ಕರೆಯಲು ಕಲಿಸಿದವನು ಯಾರು? ನಾಚಿಕೆಯಾಗಿ ಚಹಾ ಲೋಟ ಕೆಳಗಿಟ್ಟೆ.

ಈಗ ಅವಳೂ ಅದೇ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುತ್ತಾಳೆ. ಡಿಗ್ರಿ ಮುಗಿಯಲು ಒಂದೇ ವರ್ಷ ಉಳಿದಿತ್ತು. ಎಷ್ಟು ಕೇಳಿಕೊಂಡರೂ ಒಪ್ಪಲಿಲ್ಲ.

ಮರುದಿನ ಪಟ್ಟಿಯಿಂದ ಅವಳ ಹೆಸರು ತೆಗೆದೆ. ಕ್ಲಾಸು ಎಂದಿನಂತೆ ನಡೆಯಿತು. ನನಗೆ ಮಾತ್ರ ಇವತ್ತಿಗೂ ಸಂಕಟ ಇಳಿದಿಲ್ಲ.

ಅಷ್ಟು ಸಲ ಹೆಸರು ಹಿಡಿದು ಕೂಗಿದವನು, ಒಂದೇ ಒಂದು ಸಲ 'ಯಾಕಮ್ಮಾ ಬರಲಿಲ್ಲ?' ಎಂದು ಕೇಳಿದ್ದರೆ ನನ್ನ ಗಂಟೇನು ಹೋಗುತ್ತಿತ್ತು?