ಹರಿದಾಸ ಭಟ್ಟರು ಕೇಳಿದ್ದು

ಹರಿದಾಸ ಭಟ್ಟರನ್ನು ಪಾತ್ರೆಯಂತೆ ಬೆರಳಿನಿಂದ ತಟ್ಟಿ ನೋಡಿದರೆ ಸದ್ದು ಜೋರು, ತಗಡು ತೆಳು. ಎತ್ತರದಲ್ಲಿ ಬಾಗಿಲ ಚೌಕಟ್ಟಿಗೆ ಸಾಟಿ, ತೂಕದಲ್ಲಿ ಚೌತಿಯ ಕಬ್ಬಿಗೆ. ಅಂಗಿಯ ಕಿಸೆಯಲ್ಲಿ ಎರಡು ಪೆನ್ನು, ಎರಡೂ ಬರೆಯುವುದಿಲ್ಲ. ತಂದೆ, ಅಜ್ಜ ಎಲ್ಲ ದೇವಸ್ಥಾನದಲ್ಲಿ ಪೂಜೆಗೆ ನಿಂತವರು. ಇವರು ಆರತಿ ತಟ್ಟೆ ಬಿಟ್ಟು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಹಿಡಿದು, ನಿವೃತ್ತರಾಗಿ, ಮಂಗಳೂರಿನ ಕಾವೂರು ಕೆರೆಯ ಹತ್ತಿರ ಮನೆ ಕಟ್ಟಿಕೊಂಡವರು. ಅಂಗಡಿಯವನ ಕಣ್ಣಿಗೆ ಅವರು ಯಾವ ದರ್ಜೆಯ ಮನುಷ್ಯರೆಂದರೆ, ಕ್ರಯ ಕೇಳಿ ಕೊಳ್ಳದ ಗಿರಾಕಿ. ಈ ಕುಕ್ಕರಿಗೆ ಎಷ್ಟು, ಇದರ ಹಿಡಿ ಬಿಸಿಯಾಗುವುದಿಲ್ಲವಾ, ಆಗುವುದಿಲ್ಲವಾದರೆ ಯಾಕೆ ಆಗುವುದಿಲ್ಲ ಎಂದು ಮಧ್ಯಾಹ್ನದವರೆಗೆ ಕೇಳಿ, "ಆಗಲಿ, ಇನ್ನೊಮ್ಮೆ ಬರ್ತೇನೆ" ಎಂದು ಕೊಡೆ ಬಿಡಿಸುವವರು. ಇಂಥವರು ದಿನಕ್ಕೆ ಇಬ್ಬರು ಬಂದರೆ ಅಂಗಡಿಗೆ ಬೀಗ ಹಾಕಬಹುದು.

ಹಾಗೆಂದು ಊರೆಲ್ಲ ಹೇಳುತ್ತಿದ್ದವನು ಅವರ ನೆರೆಮನೆಯ ಸಂಕಪ್ಪ ಶೆಟ್ಟಿ, ಬಂದರಿನಲ್ಲಿ ಸ್ಟೀಲ್ ಪಾತ್ರೆಗಳ ಹೋಲ್‌ಸೇಲ್ ಅಂಗಡಿ ಇಟ್ಟವನು. ಇದನ್ನು ಬರೆಯುತ್ತಿರುವವನೂ ಅವನೇ. ಆದರೆ ತನ್ನ ಸರಕನ್ನು ತಾನೇ ಹೊಗಳಿದರೆ ಬೆಲೆ ಬರುವುದಿಲ್ಲ. ಆದ್ದರಿಂದ ಇಲ್ಲಿ ಅವನು ಬೇರೆಯವನಂತೆಯೇ ಇರಲಿ.

ಭಟ್ಟರ ಕೇಳುವ ಚಟ ಅಂಗಡಿಯಲ್ಲೇ ಮುಗಿಯುತ್ತಿದ್ದರೆ ಸಹಿಸಬಹುದಿತ್ತು. ಹೊರಟು ನಿಂತವರನ್ನು ಎಲ್ಲಿಗೆ ಎಂದು ಕೇಳಬಾರದು, ಕೇಳಿದರೆ ಹೋದ ಕೆಲಸ ಕೆಡುತ್ತದೆ. ಇದು ಊರಿನ ಸಣ್ಣ ಮಕ್ಕಳಿಗೂ ಗೊತ್ತು. ಪುರೋಹಿತರ ಮನೆಯಲ್ಲಿ ಹುಟ್ಟಿದ ಭಟ್ಟರಿಗೆ ಮಾತ್ರ ಅಂಟಲಿಲ್ಲ. ಯಾರ ಕಾರು ಸ್ಟಾರ್ಟ್ ಆದರೂ ಕಂಪೌಂಡ್ ಗೋಡೆಯ ಮೇಲೆ ಅವರ ಮುಖ ಮೂಡುತ್ತಿತ್ತು. "ಓಡೆ ಪಿದಾಡಿನಿ? ಎಲ್ಲಿಗೆ ಹೊರಟದ್ದು?" ಸಂಕಪ್ಪನ ಹೆಂಡತಿ ಕುಶಲಾ, ಮನೆಯಿಂದ ಯಾರೇ ಒಳ್ಳೆಯ ಕೆಲಸಕ್ಕೆ ಹೊರಡುವುದಿದ್ದರೂ ಭಟ್ಟರ ಬಚ್ಚಲಿನಲ್ಲಿ ನೀರಿನ ಸದ್ದು ಕೇಳಿದ ಮೇಲೆಯೇ ಹೊರಡಿಸುತ್ತಿದ್ದಳು.

ಆ ವರ್ಷ ಆಟಿ ಕಳೆದು ಸೋಣ ಹಿಡಿದಿತ್ತು. ತಿಂಗಳು ಬದಲಾದದ್ದನ್ನು ಮಳೆಗೆ ಯಾರೂ ಹೇಳಿದಂತಿರಲಿಲ್ಲ. ಬೆಂಗಳೂರಿನಲ್ಲಿ ಸಂಕಪ್ಪನ ತಂಗಿಯ ಮಗಳು ತೃಷಾಳ ನಿಶ್ಚಿತಾರ್ಥ ಗೊತ್ತಾಗಿತ್ತು. ಬಂಟರ ಮನೆಯಲ್ಲಿ ಸೋದರಮಾವ ಕುಳಿತುಕೊಳ್ಳದೆ ವೀಳ್ಯ ಕೈ ಬದಲಾಗುವುದಿಲ್ಲ. ಇರುವವನು ಒಬ್ಬನೇ ಮಾವ. ಘಾಟಿಯ ಸಹವಾಸ ಬೇಡವೆಂದು ಮೊದಲೇ ವಿಮಾನದ ಟಿಕೆಟ್ ಮಾಡಿಸಿ ಆಗಿತ್ತು.

ಅಷ್ಟರಲ್ಲಿ ಒಂದು ಬೆಳಿಗ್ಗೆ ಸಂಕಪ್ಪನ ಬಲಗಣ್ಣಿನೊಳಗೆ ಅಂಗಡಿಯ ಶಟರ್ ಇಳಿದಂತೆ ಕಪ್ಪು ಇಳಿಯಿತು. ಎಡಗಣ್ಣು ಎಳವೆಯಲ್ಲೇ ಚಿನ್ನಿದಾಂಡಿಗೆ ಹೋಗಿತ್ತು. ಉಳಿದದ್ದು ಇದೊಂದೇ. ಅತ್ತಾವರದ ಆಸ್ಪತ್ರೆಯಲ್ಲಿ ಡಾಕ್ಟರ್ ಡ್ಯಾಫ್ನಿ ಅದೇ ದಿನ ಆಪರೇಷನ್ ಮಾಡಿದರು. ಕಣ್ಣಿನ ಹಿಂದಿನ ಪರದೆ ಕಳಚಿತ್ತು. ಅದನ್ನು ಒತ್ತಿ ಹಿಡಿಯಲು ಕಣ್ಣಿನೊಳಗೆ ಗ್ಯಾಸ್ ತುಂಬಿಸಿ, ಹಗಲೂ ರಾತ್ರಿ ಮುಖ ಕೆಳಗೆ ಹಾಕಿಕೊಂಡಿರಬೇಕು ಎಂದರು.

"ಮದುವೆಯಾದ ಮೇಲೆ ಇವರು ತಲೆ ತಗ್ಗಿಸಿದ್ದು ಇದೇ ಮೊದಲು," ಎಂದಳು ಕುಶಲಾ. ನಗಲು ಹೋಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಡಾಕ್ಟರ್ ನಗಲಿಲ್ಲ. "ಗ್ಯಾಸ್ ಕರಗುವವರೆಗೆ ವಿಮಾನ ಹತ್ತುವ ಹಾಗೇ ಇಲ್ಲ. ಬೇರೆ ಎಲ್ಲಿಗಾದರೂ ದೂರ ಹೋಗುವುದಿದ್ದರೆ ನನ್ನನ್ನು ಕೇಳಿ."

ಮನೆಗೆ ಬಂದು, ಸಂಕಪ್ಪ ಊಟದ ಮೇಜಿಗೆ ಹಣೆ ಊರಿ ಕುಳಿತ. ಮಾತು ಅವನ ಬೆನ್ನಿನ ಮೇಲಿನಿಂದ ನಡೆಯಿತು.

"ನಿಶ್ಚಿತಾರ್ಥ ಮುಂದೆ ಹಾಕ್ಲಿ. ಕಣ್ಣಿಗಿಂತ ದೊಡ್ಡದು ಉಂಟಾ?" ಕುಶಲಾ ಕೇಳಿದಳು.

"ಹುಡುಗನ ಅಪ್ಪ ಮಸ್ಕತ್ತಿನಿಂದ ರಜೆ ಹಾಕಿ ಬಂದಿದ್ದಾರೆ," ಸಂಕಪ್ಪ ಮೇಜಿಗೇ ಹೇಳಿದ. "ಮುಂದೆ ಹಾಕಿದ ಸಂಬಂಧ ಮತ್ತೆ ಹಿಂದೆ ಬರುವುದಿಲ್ಲ."

"ಕಾರಲ್ಲಿ ಹೋಗುವಾ ಅಪ್ಪ," ಮಗ ಸುಜಿತ್ ಹೇಳಿದ. "ಡಾಕ್ಟರ್ ಬೇಡ ಅಂದದ್ದು ವಿಮಾನ. ಕಾರು ಬೇಡ ಅನ್ಲಿಲ್ಲ. ನಾನು ನಿಧಾನ ಬಿಡ್ತೇನೆ. ಹಿಂದಿನ ಸೀಟಲ್ಲಿ ದಿಂಬು ಇಟ್ಟು ನೀವು ಬಗ್ಗಿ ಕೂತರಾಯ್ತು."

"ಈ ಮಳೆಗೆ ಶಿರಾಡಿಯಾ? ನಿನ್ನೆಯೂ ಮಣ್ಣು ಬಿದ್ದಿದೆಯಂತೆ ಮಾರಾಯ. ಡಾಕ್ಟರಿಗೆ ಒಂದು ಫೋನ್ ಮಾಡಿ ಕೇಳು."

"ಕೇಳಿದರೆ ಬೇಡ ಅಂತಾರೆ," ಎಂದ ಸಂಕಪ್ಪ. "ಗಿರಾಕಿ ಸುಮ್ಮನಿರುವಾಗ ರಿಯಾಯಿತಿ ಹೇಳುವ ಅಂಗಡಿಯವ ಉಂಟಾ?"

ಆ ಮಾತಿಗೆ ಸುಜಿತ್ ನಕ್ಕ. ಕುಶಲಾ ನಗಲಿಲ್ಲ. ಎರಡು ದಿನ ಮನೆಯವರೆಲ್ಲ ಘಾಟಿಯ ಭಯವನ್ನೇ ತೂಗಿದರು. ಮಣ್ಣು ಬಿದ್ದರೆ, ಮರ ಬಿದ್ದರೆ, ಲಾರಿ ಅಡ್ಡ ನಿಂತರೆ. ತೂಗಬೇಕಾಗಿದ್ದ ಇನ್ನೊಂದು ವಸ್ತು ಸಂಕಪ್ಪನ ಮುಖದಲ್ಲೇ ಇತ್ತು. ಅದು ತಕ್ಕಡಿಗೆ ಬರಲಿಲ್ಲ.

ಹೊರಡುವ ಬೆಳಿಗ್ಗೆ ಭಟ್ಟರ ಬಚ್ಚಲಿನಲ್ಲಿ ನೀರಿನ ಸದ್ದೇ ಇರಲಿಲ್ಲ. ಅವರು ಆಗಲೇ ಮಿಂದು, ಕೈಚೀಲ ಹಿಡಿದು ಗೇಟಿನಲ್ಲಿ ನಿಂತಿದ್ದರು.

"ಓಡೆ ಪಿದಾಡಿನಿ ಶೆಟ್ರೇ? ಬೆಂಗಳೂರಿಗಾ? ಕಾರಲ್ಲಾ? ಒಂದು ಸೀಟು ಉಂಟಾ? ನನ್ನ ಅಕ್ಕನಿಗೆ ಹುಷಾರಿಲ್ಲ, ರೈಲಿನಲ್ಲಿ ಜಾಗ ಇಲ್ಲ."

ಕುಶಲಾ ಗಂಡನ ತೋಳು ಹಿಡಿದು ಮತ್ತೆ ಮನೆಯೊಳಗೆ ಕರೆದುಕೊಂಡು ಹೋಗಿ, ಚಾವಡಿಯಲ್ಲಿ ಕೂರಿಸಿ, ಒಂದು ಲೋಟ ನೀರು ಕುಡಿಸಿದಳು. "ಇವರನ್ನು ಕರ್ಕೊಂಡು ಹೋಗುವುದು ಎಂದರೆ ಅಪಶಕುನವನ್ನು ಡಿಕ್ಕಿಯಲ್ಲಿ ಹಾಕಿಕೊಂಡ ಹಾಗೆ," ಎಂದು ಪಿಸುಗುಟ್ಟಿದಳು. ಹುಷಾರಿಲ್ಲದ ಅಕ್ಕನ ಹೆಸರು ಹೇಳಿದ ನೆರೆಮನೆಯವರಿಗೆ ಇಲ್ಲವೆನ್ನಲು ಅವಳಿಗೂ ಬಾಯಿ ಬರಲಿಲ್ಲ. ಭಟ್ಟರು ಸುಜಿತನ ಪಕ್ಕ ಕುಳಿತರು.

ಸಂಕಪ್ಪನಿಗೆ ಆ ಪ್ರಯಾಣವೆಲ್ಲ ಕಾರಿನ ಕಾಲೊರಸು. ಮಡಿಲಲ್ಲಿ ದಿಂಬು, ದಿಂಬಿನಲ್ಲಿ ಹಣೆ, ಕಣ್ಣಿಗೆ ಒಂದು ಬೂದು ಬಣ್ಣದ ಬೆಳಕು ಮಾತ್ರ. ಊರುಗಳು ಶಬ್ದದಲ್ಲಿ ಬಂದು ಹೋದವು. ಬಿ.ಸಿ. ರೋಡಿನ ಹಾರ್ನು, ಉಪ್ಪಿನಂಗಡಿಯ ಸೇತುವೆಯ ಗುಡುಗುಡು. ಮುಂದಿನ ಸೀಟಿನಿಂದ ಪ್ರಶ್ನೆಗಳು ಮಳೆಯಂತೆಯೇ ಬಿಡದೆ ಸುರಿಯುತ್ತಿದ್ದವು. ಈ ಗುಂಡಿ ತೋಡಿದವರು ಯಾರು, ಮುಚ್ಚಬೇಕಾದವರು ಯಾರು, ಮದುವೆ ಹುಡುಗನಿಗೆ ಕೆಲಸ ಎಂತದು, ಸಿಗರೇಟು ಸೇದುವವನಾ, ಶೆಟ್ರ ಕಣ್ಣಿಗೆ ತುಂಬಿಸಿದ್ದು ಕರಗಲು ಎಷ್ಟು ದಿನ. ಸುಜಿತ್ ರೇಡಿಯೋದ ಸ್ವರ ಏರಿಸಿದ.

ಗುಂಡ್ಯ ದಾಟಿ ಕಾರು ಏರತೊಡಗಿದ ಮೇಲೆ ರೇಡಿಯೋ ಕರಕರ ಎಂದು ಸತ್ತುಹೋಯಿತು. ಎರಡೂ ಬದಿಯಲ್ಲಿ ನೀರು ಧುಮುಕುವ ಸದ್ದು. ಸಂಕಪ್ಪನ ಹುಬ್ಬಿನ ಹಿಂದೆ ಏನೋ ಬಿಗಿಯಿತು. ಬಗ್ಗಿ ಕೂತು ಕುತ್ತಿಗೆ ಹಿಡಿದಿರಬೇಕು ಎಂದುಕೊಂಡ. ಒಂದೊಂದು ತಿರುವಿಗೂ ಅದು ಒಂದೊಂದು ಸುತ್ತು ಬಿಗಿಯುತ್ತಾ ಬಂತು, ಯಾರೋ ಹೊರಗೆ ನಿಂತು ಸ್ಕ್ರೂ ತಿರುಗಿಸಿದಂತೆ. ಕಣ್ಣಿನ ಬೂದು ಬೆಳಕು ಅಂಚಿನಿಂದ ಕಂದುತ್ತಿತ್ತು. ಕಾಡಿನ ನೆರಳಿರಬೇಕು ಎಂದುಕೊಂಡ. ಹೇಳಿದರೆ ಕುಶಲಾ ಕಾರು ತಿರುಗಿಸುತ್ತಾಳೆ, ತಿರುಗಿಸಿದರೆ ತೃಷಾಳ ವೀಳ್ಯ ನಿಲ್ಲುತ್ತದೆ. ದಿಂಬಿನ ತುದಿ ಕಚ್ಚಿ ಹಿಡಿದ.

ಲಾರಿಗಳ ಸಾಲಿನ ಹಿಂದೆ ಕಾರು ನಿಂತಿತು. "ಮೇಲೆ ಎಲ್ಲಿಯೋ ಗುಡ್ಡ ಜರಿದಿದೆ," ಎಂದ ಸುಜಿತ್. "ಕೆಂಪು ನೀರು ರಸ್ತೆಯಲ್ಲೇ ಬರ್ತಾ ಉಂಟು."

ಭಟ್ಟರಿಗೆ ಹಸಿವಾಗಿತ್ತು. ಕುಶಲಾ ನಿಶ್ಚಿತಾರ್ಥದ ಮನೆಗೆಂದು ತಂದಿದ್ದ ಬಾಳೆಕಾಯಿ ಚಿಪ್ಸಿನ ಒಂದು ಪ್ಯಾಕೆಟನ್ನು ಅವರ ಕೈಗೆ ಕೊಟ್ಟಳು. ಅದನ್ನು ಒಡೆಯುವ ಸದ್ದು ಬರಲಿಲ್ಲ. ಬಂದದ್ದು ಪ್ರಶ್ನೆ.

"ಇದೆಂತ ಕುಶಲಕ್ಕ, ದಿನ ತುಂಬಿದ ಬಸುರಿಯ ಹಾಗೆ ಉಬ್ಬಿದೆ? ಹಾಳಾದದ್ದಾ?"

"ಹಾಳಾದದ್ದಲ್ಲ ಭಟ್ರೆ," ಎಂದ ಸುಜಿತ್, ಬೇಸರದಲ್ಲಿ. "ಮೇಲೆ ಹೋದ ಹಾಗೆ ಹೊರಗಿನ ಒತ್ತಡ ಕಡಿಮೆಯಾಗ್ತದೆ. ಒಳಗಿನ ಗಾಳಿ ಉಬ್ತದೆ. ವಿಮಾನದಲ್ಲಿಯೂ ಹಾಗೆಯೇ."

"ಎಲ್ಲಾ ಪ್ಯಾಕೆಟೂ ಉಬ್ತದಾ?"

"ಗಾಳಿ ತುಂಬಿಸಿ ಮುಚ್ಚಿದ್ದು ಎಲ್ಲಾ."

"ಹಾಗಾದರೆ ಶೆಟ್ರ ಕಣ್ಣಲ್ಲಿ ತುಂಬಿಸಿದ್ದು ಎಂತದು?"

ವೈಪರ್ ಮಾತ್ರ ಆಚೆಗೂ ಈಚೆಗೂ ಹೋಗುತ್ತಿತ್ತು. ಸುಜಿತನ ಕೈ ಗೇರಿನ ಮೇಲೆ ಹಾಗೆಯೇ ನಿಂತದ್ದು ಸಂಕಪ್ಪನಿಗೆ ಕಾಣಲಿಲ್ಲ, ಗೊತ್ತಾಯಿತು.

"ನೋವು ಉಂಟಾ ಶೆಟ್ರೇ?"

ಅಸಲು ಕ್ರಯವನ್ನು ಜೀವಮಾನದಲ್ಲಿ ಯಾರಿಗೂ ಹೇಳದ ಸಂಕಪ್ಪ, ದಿಂಬಿನಿಂದ ಬಾಯಿ ಬಿಡಿಸಿಕೊಂಡು ಹೇಳಿದ: "ಉಂಟು. ಬೆಳಕು ಹೋಗ್ತಾ ಉಂಟು."

ಸುಜಿತ್ ಫೋನ್ ಎತ್ತಿದ. ಘಾಟಿಯಲ್ಲಿ ನೆಟ್‌ವರ್ಕ್ ಇಲ್ಲ. "ಸಕಲೇಶಪುರಕ್ಕೆ ಹೋಗಿಬಿಡುವಾ," ಎಂದು ಒದರಿದ. "ಅಲ್ಲಿ ಆಸ್ಪತ್ರೆ ಉಂಟು."

"ಸಕಲೇಶಪುರ ಇಲ್ಲಿಂದ ಮೇಲೆಯಾ ಕೆಳಗೆಯಾ?" ಭಟ್ಟರು ಕೇಳಿದರು.

"ಮೇಲೆ."

"ಮತ್ತೆ?"

ಕಾರಿನ ಬಾಗಿಲು ತೆರೆದ ಸದ್ದಾಯಿತು. ಮಳೆ ಒಳಗೆ ನುಗ್ಗಿತು. ಆ ರಸ್ತೆಯಲ್ಲಿ ಕಾರು ತಿರುಗಿಸುವುದೆಂದರೆ ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಏನೂ ಇಲ್ಲ, ಹಿಂದೆ ಬಾಲಕ್ಕೆ ಮೂಗು ತಾಗಿಸಿ ನಿಂತ ಟ್ಯಾಂಕರ್. ಕುಶಲಾ ಆಮೇಲೆ ಹೇಳಿದ ಪ್ರಕಾರ, ಭಟ್ಟರು ಕೊಡೆ ಬಿಡಿಸಿದ ಕೂಡಲೇ ಗಾಳಿ ಅದನ್ನು ಕಿತ್ತುಕೊಂಡು ಕಣಿವೆಗೆ ಎಸೆಯಿತು. ಅವರು ಟ್ಯಾಂಕರಿನ ಮುಂದೆ ಎರಡೂ ಕೈ ಅಗಲಿಸಿ ನಿಂತು ಅದನ್ನು ಹಿಂದೆ ಸರಿಸಿದರು. ಆಮೇಲೆ ಕೆಳಕ್ಕೆ ಬರುತ್ತಿದ್ದ ಲಾರಿಯನ್ನು ನಿಲ್ಲಿಸಿದರು. ಡ್ರೈವರ್‌ಗಳು ಬೈದ ಬೈಗುಳಗಳಿಗೆ ಲೆಕ್ಕವಿಲ್ಲ. ಸಂಕಪ್ಪ ಕೇಳಿದ್ದು ಒಂದೇ ಸ್ವರ: "ಬರ್ಲಿ, ಬರ್ಲಿ, ಸಾಕು! ಹೊಡಿ, ಎಡಕ್ಕೆ ಹೊಡಿ!" ಹಿಂದಿನ ಚಕ್ರದ ಕೆಳಗೆ ಮಣ್ಣು ಜಾರಿತು. ಕುಶಲಾ ದೈವದ ಹೆಸರು ಹೇಳಿದಳು. ಚಕ್ರ ಮತ್ತೆ ರಸ್ತೆ ಹಿಡಿಯಿತು.

ಕಾರು ಕೆಳಮುಖವಾದ ಕ್ಷಣ ಹಿಂದಿನ ಲಾರಿಗಳೆಲ್ಲ ಒಟ್ಟಿಗೆ ಕೂಗಿದವು. ಭಟ್ಟರು ಆಚೆ ಬದಿಯಲ್ಲಿ ಸಿಕ್ಕಿಬಿದ್ದಿದ್ದರು.

"ಭಟ್ರೆ ಹತ್ತಿಲ್ಲ," ಎಂದು ಕುಶಲಾ ಕಿರುಚಿದಳು.

"ಹೋಗಿ ಮಾರಾಯ್ರೆ, ಹೋಗಿ! ನಾನು ಬರ್ತೇನೆ," ಎಂಬ ಸ್ವರ ಮಳೆಯೊಳಗಿಂದ ಬಂತು. ಅದರ ಹಿಂದೆಯೇ ಮೇಲಿನಿಂದ ಕಲ್ಲುಗಳು ಉರುಳುವ ಸದ್ದು. ಸುಜಿತ್ ಕಾರನ್ನು ಕೆಳಕ್ಕೆ ಬಿಟ್ಟ.

ಗುಂಡ್ಯಕ್ಕೆ ಇಳಿಯುವಷ್ಟರಲ್ಲಿ ಸ್ಕ್ರೂ ಸಡಿಲಾಗಿತ್ತು. ಅತ್ತಾವರದಲ್ಲಿ ಡಾಕ್ಟರ್ ಡ್ಯಾಫ್ನಿ ಕಣ್ಣಿನ ಒತ್ತಡ ನೋಡಿ, ಮದ್ದು ಬಿಟ್ಟು, ಮತ್ತೆ ನೋಡಿ, ಕೊನೆಗೆ ಕುರ್ಚಿಗೆ ಒರಗಿದರು. "ಇನ್ನೂ ಮೇಲೆ ಹೋಗಿದ್ದರೆ ಕಣ್ಣಿಗೆ ರಕ್ತ ಹೋಗುವುದೇ ನಿಂತುಬಿಡ್ತಿತ್ತು. ನನ್ನನ್ನು ಕೇಳಿ ಅಂದಿದ್ದೆ ಅಲ್ವಾ ಶೆಟ್ರೇ?" ಸಂಕಪ್ಪ ತಲೆ ತಗ್ಗಿಸಿದ. ಆ ಸಲ ಗ್ಯಾಸಿಗಾಗಿ ಅಲ್ಲ.

ಘಾಟಿ ಮುಚ್ಚಿದ ಸುದ್ದಿ ಸಂಜೆಗೆ ಬಂತು. ಭಟ್ಟರ ಫೋನ್ ಸತ್ತಿತ್ತು. ಅವರ ಹೆಂಡತಿ ಪ್ರಭಾ ಗೋಡೆಯ ಆಚೆಯಿಂದ, "ಎಲ್ಲಿ ಬಿಟ್ಟು ಬಂದದ್ದು?" ಎಂದು ಕೇಳಿದರು. ಮರುದಿನ ಒಂದು ಮೀನಿನ ಲಾರಿ ಅವರನ್ನು ತಂದು ಕಾವೂರಿನಲ್ಲಿ ಇಳಿಸಿತು. ರಾತ್ರಿಯಿಡೀ ಮಳೆಯಲ್ಲಿ ನಿಂತವರು. ಜ್ವರ ಎದೆಗೆ ಇಳಿಯಿತು, ಅವರೂ ಆಸ್ಪತ್ರೆ ಸೇರಿದರು. ಬದುಕಿದರು. ಆದರೆ ಒಂದು ಶ್ವಾಸಕೋಶ ಮೊದಲಿನಂತಾಗಲಿಲ್ಲ. ಹುಷಾರಿಲ್ಲದ ಅಕ್ಕನನ್ನು ನೋಡಲು ಹೋಗುವ ಮೊದಲೇ ಅಕ್ಕ ತೀರಿಕೊಂಡರು.

ತೃಷಾಳ ವೀಳ್ಯ ದಸರೆಯ ನಂತರ ಆಯಿತು. ಹುಡುಗನ ಅಪ್ಪ ಗೊಣಗಿದರೂ ಬಂದರು. ಶಾಸ್ತ್ರವನ್ನು ಮಂಗಳೂರಿನಲ್ಲೇ ಇಟ್ಟುಕೊಂಡರು.

ಭಟ್ಟರು ಈಗಲೂ ಕೇಳುತ್ತಾರೆ. ಉಸಿರು ಸಾಲುವುದಿಲ್ಲ; ಪ್ರಶ್ನೆ ಅರ್ಧದಲ್ಲಿ ನಿಂತು, ಕೆಮ್ಮಿ, ಮತ್ತೆ ಹೊರಡುತ್ತದೆ. ಕೇಳಿಸಿಕೊಳ್ಳುವವರು ಕಾಯಬೇಕು. ಸಂಕಪ್ಪ ಕಾಯುತ್ತಾನೆ.

ಅವನು ಈಗ ನೋಡುವುದು, ಓದುವುದು, ಇದನ್ನು ಬರೆದದ್ದು ಎಲ್ಲ ಒಂದೇ ಕಣ್ಣಿನಿಂದ. ಆ ಕಣ್ಣಿಗಾಗಿ ಅವನು ಹರಿದಾಸ ಭಟ್ಟರಿಗೆ ಋಣಿ. ಅವರ ಅಕ್ಕನ ಕೊನೆಯ ಭೇಟಿಯೂ ಅದೇ ಋಣದಲ್ಲಿ ಸೇರಿದೆ.