ನನಗೆ ಹೊದೆಸಿದ ಶಾಲು

ನನ್ನ ಅಕ್ಕನಿಗೆ ಎಡಗಿವಿ ಕೇಳಿಸುವುದಿಲ್ಲ. ಅದು ಭಾವನ ಕೊಡುಗೆ. ಬಂದರಿನ ಗೋದಾಮಿನಲ್ಲಿ ದಿನವಿಡೀ ಎಲ್ಲರೆದುರು ತಲೆ ತಗ್ಗಿಸಿ ಬರುತ್ತಿದ್ದ ಆ ಮನುಷ್ಯ, ಮನೆಯ ಬಾಗಿಲು ಹಾಕಿಕೊಂಡ ಮೇಲೆ ಬೆಲ್ಟು ಬಿಚ್ಚುತ್ತಿದ್ದ. ಸಾರಿಗೆ ಉಪ್ಪು ಹೆಚ್ಚಾದರೂ ಪೆಟ್ಟು, ಕಡಿಮೆಯಾದರೂ ಪೆಟ್ಟು. ಒಂದು ದಿನ ಅಕ್ಕ ಕಾಯಿ ತುರಿಯುತ್ತಿದ್ದಾಗ ಹಿಂದಿನಿಂದ ಜಡೆ ಹಿಡಿದೆಳೆದ. ಅಕ್ಕ ಎದ್ದವಳೇ ತಾನು ಕೂತಿದ್ದ ತುರಿಮಣೆಯನ್ನು ಎತ್ತಿ ಅವನ ಮುಂಗೈ ಮೇಲೆ ಬೀಸಿದಳು. ಎಲುಬು ಮುರಿದ ಸದ್ದು ಸರಿಯಿದ್ದ ಕಿವಿಗೆ ಚೆನ್ನಾಗಿ ಕೇಳಿಸಿತು ಎಂದು ಈಗಲೂ ಹೇಳುತ್ತಾಳೆ. ಆ ಮಣೆಯನ್ನು ಕಂಕುಳಲ್ಲಿಟ್ಟುಕೊಂಡೇ ಜೆಪ್ಪುವಿನ ನಮ್ಮ ಮನೆಗೆ ನಡೆದು ಬಂದಳು. ನಾವು ಇವತ್ತಿಗೂ ಕಾಯಿ ತುರಿಯುವುದು ಅದರಲ್ಲೇ.

ನಾನು ಕಥೆ ಬರೆಯುವವಳು. ಇದನ್ನೂ ಬರೆಯಲೇ ಎಂದು ಕೇಳಿದಾಗ ಅಕ್ಕ ಒಂದೇ ಷರತ್ತು ಹಾಕಿದಳು.

“ಬರಿ. ಆದ್ರೆ ನಾನು ಹೊಡೆದದ್ದನ್ನು ಬಿಡ್ಬೇಡ. ಬರೀ ಪೆಟ್ಟು ತಿಂದದ್ದು ಬರೆದ್ರೆ ಜನ ಪಾಪ ಅಂತ ಹೇಳಿ ಮರೆತುಬಿಡ್ತಾರೆ.”

ನಾನು ಬಿಡಲಿಲ್ಲ. ಕಥೆ ಮುಗಿಯುವುದೇ ಆ ಎಲುಬು ಮುರಿಯುವ ಸದ್ದಿನಲ್ಲಿ. ಪುಸ್ತಕ ಬಂತು. ಒಳಪುಟದಲ್ಲಿ, ಹಕ್ಕುಗಳೆಲ್ಲ ಲೇಖಕಿಯವು ಎಂದು ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಆ ಸಾಲನ್ನು ಈ ಊರಿನಲ್ಲಿ ಯಾರೂ ಓದುವುದಿಲ್ಲ ಎಂದು ಆಮೇಲೆ ಗೊತ್ತಾಯಿತು.

ಪಕ್ಕದ ಮನೆಯಾಕೆ ಒಂದು ದಿನ ಮೀನು ಕೊಯ್ಯುತ್ತಾ, “ನಿನ್ನ ಕಥೆಯನ್ನು ತುಳು ನಾಟಕ ಮಾಡಿದ್ದಾರಲ್ಲ ಮಾರಾಯ್ತಿ, ನಕ್ಕು ನಕ್ಕು ಹೊಟ್ಟೆ ನೋವು ಬಂತು” ಎಂದಳು. ನನಗೆ ಮೈಯೆಲ್ಲ ಉರಿದು ಹೋಯಿತು. ಯಾವ ತಂಡವೂ ನನ್ನನ್ನು ಕೇಳಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕಥೆಯಲ್ಲಿ ನಗುವುದಕ್ಕೆ ಎಂತ ಉಂಟು?

ಭಾನುವಾರ ಮಧ್ಯಾಹ್ನದ ಆಟಕ್ಕೆ ಒಬ್ಬಳೇ ಹೋದೆ. ಅಕ್ಕನಿಗೆ ಹೇಳಲಿಲ್ಲ. ಗಂಡ ಹೆಂಡತಿಗೆ ಹೊಡೆದಾಗಲೆಲ್ಲ ತಬಲಾದವನು ಟಪ್ ಎಂದು ಬಾರಿಸುತ್ತಿದ್ದ, ಸಭೆ ಹೋ ಎಂದು ನಗುತ್ತಿತ್ತು. ಕೊನೆಯಲ್ಲಿ ತುರಿಮಣೆಯೂ ಬಂತು. ಆದರೆ ಎತ್ತಿದವನು ಗಂಡ. ಥರ್ಮೋಕೋಲಿನ ಮಣೆ ಹೆಂಡತಿಯ ತಲೆಯ ಮೇಲೆ ಎರಡು ತುಂಡಾಯಿತು, ಅವಳು ಅವನ ಕಾಲು ಹಿಡಿದಳು, ಚಪ್ಪಾಳೆ ಬಿತ್ತು. ಯಾರ ಕೆನ್ನೆಗಾದರೂ ಬಾರಿಸದೆ ಮನೆಗೆ ಹೋಗುವುದಿಲ್ಲವೆಂದು ನಾನು ವೇದಿಕೆಯ ಮೆಟ್ಟಿಲು ಹತ್ತಿದೆ.

ತಂಡದ ಯಜಮಾನ ಪಕ್ಕಾ ಆಸಾಮಿ. ನನ್ನ ಮುಖ ನೋಡಿದವನೇ ಮೈಕು ಕಿತ್ತುಕೊಂಡು, ಮೂಲ ಕಥೆಗಾರ್ತಿಯೇ ನಮ್ಮ ನಡುವೆ ಇದ್ದಾರೆ ಎಂದು ಘೋಷಿಸಿದ. ಎಲ್ಲಿಂದಲೋ ಶಾಲು ಬಂತು, ಹಣ್ಣಿನ ಬುಟ್ಟಿ ಬಂತು. ನಮ್ಮ ಕಡೆ ವಾರಕ್ಕೊಂದು ಸನ್ಮಾನ ನೋಡಿ ಬೆಳೆದವರಿಗೆ ಶಾಲು ಕಂಡರೆ ಕುತ್ತಿಗೆ ತಾನಾಗಿ ಬಾಗುತ್ತದೆ. ನನ್ನದೂ ಬಾಗಿತು. ಬುಟ್ಟಿ ಹಿಡಿದ ಕೈಯಿಂದ ಯಾರಿಗೂ ಹೊಡೆಯಲಾಗುವುದಿಲ್ಲ. ಕ್ಯಾಮೆರಾ ಮಿಂಚಿತು. ಬಾಯಿ ತೆರೆಯುವಷ್ಟರಲ್ಲಿ ಮೈಕು ಇನ್ಯಾರದೋ ಕೈಯಲ್ಲಿತ್ತು.

ವಕೀಲರನ್ನು ಹಿಡಿದು ನೋಟಿಸು ಕಳುಹಿಸಿದೆ. ಲೇಖಕಿಯ ಒಪ್ಪಿಗೆಯಿಂದಲೇ ಆಡುತ್ತಿದ್ದೇವೆ ಎಂಬ ಉತ್ತರದ ಜೊತೆಗೆ ಆ ಫೋಟೋ ಬಂತು. ನನ್ನ ವಕೀಲರು ಬಂದರಿನ ಬ್ಯಾರಿ ವ್ಯಾಪಾರಿಗಳ ಮನೆಯ ಹುಡುಗ, ಬಿಜೈಯಲ್ಲಿ ಆಫೀಸು. ಫೋಟೋವನ್ನು ಮೇಜಿನ ಮೇಲಿಟ್ಟು ನಿಟ್ಟುಸಿರು ಬಿಟ್ಟರು.

“ಕಾನೂನು ನಿಮ್ಮ ಕಡೆ ಉಂಟು ಮೇಡಂ. ನೀವು ಸಹಿ ಹಾಕಿ ಬರೆದು ಕೊಡದೆ ಹಕ್ಕು ಯಾರಿಗೂ ಹೋಗುವುದಿಲ್ಲ. ಕಥೆಯನ್ನು ಕೆಡಿಸಿದ್ದಕ್ಕೂ ಕೇಸು ಹಾಕ್ಲಿಕ್ಕೆ ಆಗ್ತದೆ. ಆದ್ರೆ ತಡೆಯಾಜ್ಞೆ ಕೇಳುವಾಗ ಈ ಫೋಟೋ ಎದುರು ಬರ್ತದೆ. ಬೇಡ ಅಂತ ಇದ್ದವರು ನಗಾಡಿಕೊಂಡು ಶಾಲು ಹಾಕಿಸ್ಕೊಂಡದ್ದು ಎಂತಕ್ಕೆ ಅಂತ ಜಡ್ಜ್ ಕೇಳಿದ್ರೆ?”

“ಅದು ನಗು ಅಲ್ಲ. ಹಲ್ಲು ಕಡಿದದ್ದು.”

“ಫೋಟೋದಲ್ಲಿ ಎರಡೂ ಒಂದೇ ಹಾಗೆ ಕಾಣ್ತದೆ ಮೇಡಂ.”

ಕೇಸು ಹಾಕಿದೆವು, ತಡೆಯಾಜ್ಞೆ ಸಿಗಲಿಲ್ಲ. ನಾಟಕ ಊರೂರು ತಿರುಗಿತು. ಅಕ್ಕನಿಂದ ಎಷ್ಟು ದಿನ ಮುಚ್ಚಿಡುವುದು? ಫೋಟೋ ಅವಳ ಮೊಬೈಲಿಗೂ ಬಂತು. ತುರಿಮಣೆಯ ಮೇಲೆ ಕೂತಿದ್ದವಳು ತಲೆಯೆತ್ತಿ, “ಕೊನೆಗೆ ಅವಳು ಎಂತ ಮಾಡ್ತಾಳೆ, ನಾಟಕದಲ್ಲಿ?” ಎಂದು ಕೇಳಿದಳು.

“ಗಂಡನ ಕಾಲು ಹಿಡೀತಾಳೆ.”

ಅಕ್ಕ ಉಳಿದ ಕಾಯಿಯನ್ನು ಕರಟ ಕಾಣುವವರೆಗೆ ತುರಿದಳು. ಮುಂದಿನ ಭಾನುವಾರ ನನ್ನ ಕಪಾಟಿನಿಂದ ಆ ಶಾಲು ತೆಗೆದುಕೊಂಡು ರಿಕ್ಷಾ ಹತ್ತಿದಳು. ನಾನೂ ಹಾರಿ ಪಕ್ಕದಲ್ಲಿ ಕೂತೆ. ನಿಜ ಹೇಳುತ್ತೇನೆ, ತಡೆಯಬೇಕು ಎಂದು ನನಗೆ ಅನಿಸಲೇ ಇಲ್ಲ.

ಥರ್ಮೋಕೋಲು ತುಂಡಾದ ಹೊತ್ತಿಗೆ ಅವಳು ವೇದಿಕೆಯ ಮೇಲಿದ್ದಳು. ಶಾಲು ಬಿಚ್ಚಿ ಹಿಡಿದು ಬಂದ ವಯಸ್ಸಾದ ಹೆಂಗಸನ್ನು ಕಂಡು ಯಜಮಾನ ಪಕ್ಕದಿಂದ ಕೈ ಮುಗಿದುಕೊಂಡು ಬಂದ. ಅವನ ಕುತ್ತಿಗೆಯೂ ತಾನಾಗಿ ಬಾಗಿತು. ಅಕ್ಕ ಹೊದೆಸಿದಳು, ಎರಡು ತುದಿಗಳನ್ನು ಅಡ್ಡ ಹಾಕಿದಳು, ಎಳೆದಳು.

ಅವನು ಮಂಡಿಯೂರಿದ. ತಬಲಾದವನು ಟಪ್ ಎಂದು ಬಾರಿಸಿದ. ಸಭೆ ನಕ್ಕಿತು. ನಾಟಕವೆಂದುಕೊಂಡು, ಅವನ ಮುಖ ಕಪ್ಪಿಡುವವರೆಗೂ ನಕ್ಕಿತು. ಆಮೇಲೆ ಒಬ್ಬ ನಟ ಅಕ್ಕನ ಕೂದಲು ಹಿಡಿದು ಅದೇ ಎಡಗಿವಿಯ ಮೇಲೆ ಬಾರಿಸಿದ. ನಾನು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎತ್ತಿ ಅವನ ಬೆನ್ನಿಗೆ ಕಾಲು ಮುರಿಯುವವರೆಗೆ ಹೊಡೆದೆ. ಕುರ್ಚಿಯ ಕಾಲು. ಅಕ್ಕನ ತುಟಿ ಒಡೆದು ರಕ್ತ ಸುರಿಯುತ್ತಿದ್ದರೂ ಶಾಲು ಮಾತ್ರ ಅವಳ ಮುಷ್ಟಿಯಿಂದ ಬಿಡಿಸಲು ಜನ ಸೇರಬೇಕಾಯಿತು.

ಯಜಮಾನ ಬದುಕಿದ, ಕುತ್ತಿಗೆಯ ಸುತ್ತ ಕೆಂಪು ಪಟ್ಟಿಯೊಂದಿಗೆ. ಅಕ್ಕನ ಮೇಲೆ ದೊಡ್ಡ ಕೇಸೇ ಬಿತ್ತು. ಜಾಮೀನು ಸಿಕ್ಕಿದ ಮೇಲೆ ವಕೀಲರು ಮನೆಗೇ ಬಂದರು. ಆ ಕಡೆಯವರು ರಾಜಿಗೆ ಸಿದ್ಧರಿದ್ದರು. ನಾವು ಕೃತಿಸ್ವಾಮ್ಯದ ಕೇಸು ಬಿಟ್ಟರೆ ಅವರೂ ತಮ್ಮ ದೂರಿನ ಹಟ ಬಿಡುತ್ತಾರಂತೆ. ನಾಟಕ ಮಾತ್ರ ಈಗಿರುವ ಹಾಗೆಯೇ ನಡೆಯುತ್ತದೆ.

ನಾನು ಒಪ್ಪಿಬಿಟ್ಟಿದ್ದೆ. ಅವಳನ್ನು ಈ ವಯಸ್ಸಿನಲ್ಲಿ ಜೈಲಿಗೆ ಕಳುಹಿಸಿ ಉಳಿಸಿಕೊಳ್ಳಬೇಕಾದ ಕಥೆ ನನಗೆ ಬೇಡವಾಗಿತ್ತು. ಪೆನ್ನು ಕೈಯಲ್ಲಿತ್ತು. ಅಕ್ಕ ಅದನ್ನು ಕಿತ್ತುಕೊಂಡಳು.

“ಕೋರ್ಟಲ್ಲಿ ನನ್ನತ್ರ ಎಂತ ಕೇಳ್ತಾರೆ?” ಎಂದು ವಕೀಲರನ್ನು ಕೇಳಿದಳು.

“ಯಾಕೆ ಹಾಗೆ ಮಾಡಿದ್ದು ಅಂತ ಕೇಳ್ತಾರೆ ಅಮ್ಮ.”

“ಕೇಳ್ಲಿ. ನಾನು ಗಂಡನ ಕೈ ಮುರಿದು ಬಂದ ದಿನದಿಂದ ಯಾಕೆ ಹೊಡೆದದ್ದು ಅಂತ ಒಬ್ರೂ ನನ್ನತ್ರ ಕೇಳಿಲ್ಲ, ಇವಳೂ ಕೇಳಿಲ್ಲ, ಬರ್ದು ಬಿಟ್ಳು. ಜಡ್ಜ್ ಕೇಳ್ಲಿ. ಎಡಗಡೆಯಿಂದ ಕೇಳಿದ್ರೆ ನಂಗೆ ಕೇಳ್ಸುದಿಲ್ಲ, ಬಲಗಡೆಯಿಂದ ಕೇಳ್ಲಿಕ್ಕೆ ಹೇಳಿ.”