ಕುಂದ್ರಾಕೆ ಜಾಗ

ಚಿಕ್ಕಪ್ಪ ತೀರಿದ ಮೇಲೆ ಚಿಕ್ಕಮ್ಮ ಜಗಳೂರಿನ ಕ್ರೈಸ್ತರ ಪ್ರಾರ್ಥನಾ ಮಂದಿರಕ್ಕೆ ಹೋಗತೊಡಗಿದರು. ಒಂದು ಭಾನುವಾರ ಬೆಳಿಗ್ಗೆ ಅವರನ್ನು ತಡೆಯಲು ಮನೆಯ ಗಂಡಸರೆಲ್ಲ ಸೇರಿದರು. ಗಂಡಸರು ಕುರ್ಚಿಯಲ್ಲಿ ಕೂತಿದ್ದರು, ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದರು.

“ಏನ್ ಕೊಟ್ರವ್ವ ಅಲ್ಲಿ? ಅಕ್ಕಿನಾ, ಸೀರೆನಾ?” ದೊಡ್ಡಪ್ಪ ಕೇಳಿದರು.

“ಕುಂದ್ರಾಕೆ ಜಾಗ ಕೊಟ್ರು ಬಾವ. ಯೇಸಪ್ಪನ ಮುಂದೆ ಅತ್ರೆ ಜೀವಕ್ಕೆ ಆರಾಮಾಗತೈತೆ. ನಿಮ್ಮ ಮಗನ ಮದುವ್ಯಾಗೆ ಮುಂಡೆ ಅಂತ ನಂಗೆ ಅಕ್ಕಿಕಾಳು ಹಾಕಾಕೂ ಬಿಡ್ಲಿಲ್ಲ, ಪಾತ್ರೆ ತೊಳ್ಯಾಕೆ ಕಳ್ಸಿದ್ರಿ.”

ಅದನ್ನು ಕೇಳಿಸಿಕೊಳ್ಳದವರಂತೆ ದೊಡ್ಡಪ್ಪ ಧರ್ಮದ ಭಾಷಣ ಶುರುಮಾಡಿದರು. ಪತ್ರಿಕೆಗೆ ಇಂಥ ಭಾಷಣಗಳನ್ನು ವರದಿ ಮಾಡಿಯೇ ಬದುಕಿದವನು ನಾನು. ಇಷ್ಟು ಟೊಳ್ಳಾದುದನ್ನು ಕೇಳಿರಲಿಲ್ಲ.

ಕೊನೆಗೆ ಸೋತ ದೊಡ್ಡಪ್ಪ, “ಹೋಗೋದಾದ್ರೆ ಚಾ ಮಾಡಿಟ್ಟು ಹೋಗವ್ವ” ಎಂದರು. ಚಿಕ್ಕಮ್ಮ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು. ಧರ್ಮ ಉಳಿಸಲು ಬಂದವರಲ್ಲಿ ಒಲೆ ಹಚ್ಚಲು ಒಬ್ಬರಿಗೂ ಬರುತ್ತಿರಲಿಲ್ಲ.